ಕದಲದೆ ಮಲಗುವ ಪಾಠ

ಆ ಬೀದಿಗೆಲ್ಲ ಅವನು ಭಾವ. ಹೆಂಡತಿಯ ತಮ್ಮ ಹಾಗೆ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೂ ಅದನ್ನೇ ರೂಢಿಸಿಕೊಂಡರು. ಪೋಸ್ಟ್‌ಮ್ಯಾನ್ ಕೂಡ ಬಾಗಿಲಲ್ಲಿ ನಿಂತು 'ಭಾವಾ' ಎಂದೇ ಕೂಗುತ್ತಿದ್ದ. ಕಟ್ಟಿಕೊಂಡಿದ್ದು ನನ್ನೊಬ್ಬಳನ್ನ, ಭಾವ ಆಗಿದ್ದು ಮಾತ್ರ ಊರಿಗೆಲ್ಲ ಎಂದು ಹೆಂಡತಿ ರೇಗಿಸುತ್ತಿದ್ದಳು. ಈಗ ಅವಳಿಲ್ಲ. ಕ್ಷೌರದಂಗಡಿ ಇದೆ, ಅದರಲ್ಲಿ ಎರಡು ಕುರ್ಚಿ ಇವೆ. ಬಾಗಿಲ ಬಳಿಯದು ಭಾಮೈದನದು, ಪರದೆಯ ಹಿಂದಿನದು ಭಾವನದು.

ಭಾಮೈದನಿಗೆ ಗಿಣಿ ಎಂದು ಹೆಸರಿಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದರು. ಯಾರ ದನಿಯಾದರೂ ಅವನ ಗಂಟಲಿಗೆ ಸಲೀಸು. ಬ್ಯಾಂಕಿನ ಮ್ಯಾನೇಜರ್ ಗಡ್ಡ ಬೋಳಿಸಿಕೊಂಡು ಮೆಟ್ಟಿಲಿಳಿಯುವುದೇ ತಡ, ಅದೇ ಮ್ಯಾನೇಜರ್ ಅಂಗಡಿಯೊಳಗೆ ಇನ್ನೊಮ್ಮೆ ಗದರುತ್ತಿದ್ದ. ಕಾಯುತ್ತ ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಭಾವನೂ ನಗುತ್ತಿದ್ದ. ಯಾರದೋ ದನಿ, ನಗುವುದಕ್ಕೇನು ಖರ್ಚು?

ಅವನಿಗೆ ಕಳೆದುಹೋಗುತ್ತಿದ್ದುದು ಬೇರೆಯೇ ಒಂದು ದನಿ. ಹೆಂಡತಿಯ ಮುಖ ನೆನಪಿತ್ತು. ಕಾಯಿಲೆಯಲ್ಲಿ ಕೂದಲುದುರತೊಡಗಿದಾಗ ಅವಳ ತಲೆಯನ್ನು ತಾನೇ ಬೋಳಿಸಿದ್ದ. ಆ ತಲೆಯ ಉಬ್ಬು ತಗ್ಗು ಕೂಡ ಅವನ ಬೆರಳಿಗೆ ಬಾಯಿಪಾಠ. ದನಿ ಮಾತ್ರ ದಿನೇ ದಿನೇ ಸವೆಯುತ್ತಿತ್ತು. ಕ್ಯಾಮೆರಾ ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು, ಹಾಗಾಗಿ ಅವಳು ಮಾತಾಡಿದ ಒಂದು ವಿಡಿಯೋ ಕೂಡ ಇರಲಿಲ್ಲ. ಒಂದು ಬೆಳಿಗ್ಗೆ ಅವಳ 'ರೀ' ಎಂಬ ಕರೆಯನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ಹೋದರೆ, ಅದು ತನ್ನದೇ ಗೊಗ್ಗರು ದನಿಯಲ್ಲಿ ಬಂತು. ಭಾವ ಹೆದರಿಬಿಟ್ಟ.

"ಕನಸಲ್ಲಾದ್ರೂ ಬಂದು ಮಾತಾಡ್ತಾಳೆ ಅಂದ್ಕೊಂಡ್ರೆ, ನನಗೆ ಕನಸೇ ಬೀಳಲ್ಲ ಕಣೋ," ಎಂದು ಗಿಣಿಯ ಹತ್ತಿರ ಹೇಳಿಕೊಂಡ.

"ಎಲ್ಲರಿಗೂ ಬೀಳುತ್ತೆ ಭಾವ, ನಿಮಗೆ ನೆನಪಿರಲ್ಲ ಅಷ್ಟೆ." ಗಿಣಿ ಇದನ್ನೆಲ್ಲ ಫೋನಿನಲ್ಲಿ ನೋಡಿದ್ದ. "ಎಚ್ಚರ ಆದ ತಕ್ಷಣ ಕದಲಬೇಡಿ. ಕಣ್ಣೂ ಬಿಡಬೇಡಿ. ಮಗ್ಗುಲು ಬದಲಿಸಿದ್ರೆ ಕನಸು ಓಡಿಹೋಗುತ್ತೆ. ಹಾಗೇ ಬಿದ್ಕೊಂಡು ಅದರ ಬಾಲ ಹಿಡಿದು ಎಳೀಬೇಕು. ಆಮೇಲೆ ಬಾಯಿಬಿಟ್ಟು ಯಾರಿಗಾದ್ರೂ ಹೇಳಿಬಿಡಬೇಕು, ಆಗಲೇ ಅದು ನಿಲ್ಲೋದು."

"ಯಾರಿಗೆ ಹೇಳಲಿ?"

"ನಾನಿಲ್ವಾ? ನಮ್ಮಿಬ್ಬರ ಮಧ್ಯೆ ಇರುತ್ತೆ."

ಇನ್ನೊಂದನ್ನೂ ಹೇಳಿಕೊಟ್ಟ. ಇದು ಕನಸು ಎಂದು ಕನಸಿನಲ್ಲೇ ಗೊತ್ತಾದರೆ, ಅಲ್ಲಿರುವವರನ್ನು ಬೇಕಾದ ಹಾಗೆ ಮಾತಾಡಿಸಬಹುದಂತೆ. ಗೊತ್ತುಮಾಡಿಕೊಳ್ಳುವುದಕ್ಕೆ ಮೂಗು ಹಿಡಿದು ಉಸಿರೆಳೆಯಬೇಕು. ಉಸಿರು ಒಳಗೆ ಹೋದರೆ ಕನಸು, ಕಟ್ಟಿಕೊಂಡರೆ ಎಚ್ಚರ. ಭಾವ ಹೊತ್ತಿಲ್ಲ ಗೊತ್ತಿಲ್ಲ, ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ಎಡಗೈಯಲ್ಲಿ ಮೂಗು ಹಿಡಿದು ನೋಡಿಕೊಳ್ಳತೊಡಗಿದ. ಪಾಪ, ಎಷ್ಟೋ ಗಿರಾಕಿಗಳು ತಮ್ಮ ಬಾಯಿಯೇ ವಾಸನೆ ಹೊಡೆಯುತ್ತಿದೆ ಎಂದುಕೊಂಡು ತುಟಿ ಬಿಗಿದು ಕೂರುತ್ತಿದ್ದರು.

ಮೊದಮೊದಲು ಸಿಕ್ಕಿದ್ದು ಚೂರುಪಾರು. ಒದ್ದೆ ಬಾಚಣಿಗೆ, ಯಾವುದೋ ಹಸಿರು ಬಾಗಿಲು. ಬರಬರುತ್ತ ಬಾಗಿಲ ಹಿಂದಿನ ಕೋಣೆ ಸಿಕ್ಕಿತು, ಕೋಣೆಯಲ್ಲಿ ಓಡಾಡುವವರು ಸಿಕ್ಕರು. ಬೆಳಿಗ್ಗೆ ಷಟರ್ ಎತ್ತುವಾಗ ಗಿಣಿ, "ಹೇಳಿ ಭಾವ," ಎನ್ನುತ್ತಿದ್ದ. ಭಾವ ಕತ್ತರಿ ಒರೆಸುತ್ತ ಎಲ್ಲವನ್ನೂ ಹೇಳುತ್ತಿದ್ದ.

ಕೊನೆಗೊಂದು ದಿನ ಅವಳೇ ಬಂದಳು. ಗಿರಾಕಿಯ ಹಾಗೆ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದಳು. ಅವನು ಅವಳ ಕೆನ್ನೆಗೆ ನೊರೆ ಹಚ್ಚಿದ. ಕತ್ತಿ ಎತ್ತಿದ. ಅವಳ ತುಟಿ ಅಲ್ಲಾಡಿತು, ಏನೋ ಹೇಳಿದಳು, ಆದರೆ ದನಿಯಿಲ್ಲ. ಅವನು ಅವಳ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತುಬಿಟ್ಟ. ಗಿಣಿಗೆ ಇದನ್ನು ಹೇಳುವಾಗಲೂ ಅವನ ಕಣ್ಣು ತುಂಬಿತ್ತು.

"ಏನಂದಿರಬಹುದೋ?"

"ಬರುತ್ತೆ ಬಿಡಿ ಭಾವ," ಎಂದು ಗಿಣಿ ಅವನ ಭುಜ ತಟ್ಟಿದ. "ಮಧ್ಯಾಹ್ನವೂ ಸ್ವಲ್ಪ ಮಲಗಿ ನೋಡಿ. ಹಗಲುಗನಸು ಬೇಗ ಕೈಗೆ ಸಿಗುತ್ತೆ."

ಹಾಗೆ ಊಟದ ನಂತರ ಒಳಗಿನ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಬೆಳಕು ಬೀಳದಿರಲೆಂದು ಮುಖಕ್ಕೆ ಬಿಸಿ ಟವೆಲು ಹಾಕಿಕೊಂಡು ಮಲಗುವುದು ಶುರುವಾಯಿತು. ಆಮೇಲಾಮೇಲೆ ಮಧ್ಯಾಹ್ನದ ಹೊತ್ತೂ ಅಂಗಡಿ ತುಂಬತೊಡಗಿತು. ಗಿರಾಕಿಗಳು ಕಂಡಾಗಲೆಲ್ಲ, "ಏನ್ ಭಾವ, ಒಳ್ಳೆ ನಿದ್ದೆ ಬಂತಾ?" ಎಂದು ಕೇಳುತ್ತಿದ್ದರು. ಹೆಂಡತಿ ಸತ್ತವನ ಮೇಲೆ ಜನಕ್ಕೆ ಎಷ್ಟು ಕಾಳಜಿ ಎಂದು ಭಾವನ ಮನಸ್ಸು ತುಂಬಿ ಬರುತ್ತಿತ್ತು.

ಅವತ್ತೂ ಹಾಗೆಯೇ ಮಲಗಿದ್ದ. ಟವೆಲು ಆಗಲೇ ತಣ್ಣಗಾಗಿತ್ತು. ಎಚ್ಚರವೋ ನಿದ್ದೆಯೋ ಗೊತ್ತಾಗದ ಹೊತ್ತಿನಲ್ಲಿ ಕೇಳಿಸಿತು.

"ರೀ..."

ಅದೇ ಎಳೆತ, ಕೊನೆಗೆ ತುಸು ಮೇಲಕ್ಕೇರುವ ಅದೇ ಹುಸಿಮುನಿಸು. ಇದೇ, ಇದೇ ದನಿ, ನಾನು ಮರೆತಿದ್ದು ಇದನ್ನೇ! ಕದಲಬಾರದು, ಕಣ್ಣು ಬಿಡಬಾರದು ಎಂದು ಅವನು ಕಲ್ಲಿನ ಹಾಗೆ ಬಿದ್ದುಕೊಂಡ. ಕಣ್ಣಂಚಿನಿಂದ ಬಿಸಿನೀರು ಕಿವಿಗಿಳಿಯಿತು. ಇನ್ನೊಂದು ಮಾತಾಡು ಮಾರಾಯ್ತಿ, ಇನ್ನೊಂದೇ ಒಂದು.

"ರೀ... ಗಡ್ಡ ಬೋಳಿಸಿ ಪರವಾಗಿಲ್ಲ, ಮೀಸೆ ಮಾತ್ರ ಮುಟ್ಟಬೇಡಿ!"

ಅಂಗಡಿಯೇ ಹಾರಿಹೋಗುವಂಥ ನಗು. ಯಾರೋ ಬೆಂಚು ಬಡಿದರು. ಯಾರೋ, "ಆಮೇಲೆ ಮಡಿಲಲ್ಲಿ ಅತ್ತಿದ್ದು ಮಾಡು, ಅದನ್ನ ಮಾಡು," ಎಂದರು. ಆಗ ಭಾವನದೇ ಗೊಗ್ಗರು ದನಿ ಹೊರಗೆ ಬಿಕ್ಕಿ ಬಿಕ್ಕಿ ಅತ್ತಿತು.

ಇದು ಕನಸಾಗಿರಲಿ. ಭಾವ ಟವೆಲಿನ ಕೆಳಗೆ ಕೈ ತೂರಿಸಿ ಮೂಗು ಹಿಡಿದು ಉಸಿರೆಳೆದ. ಉಸಿರು ಕಟ್ಟಿಕೊಂಡಿತು. ಮತ್ತೆ ಎಳೆದ. ಹೋಗಲಿಲ್ಲ.

ಎದ್ದು ಪರದೆ ಸರಿಸಿದ. ಬೆಂಚಿನ ಮೇಲಿದ್ದವರೆಲ್ಲ ಏಕಕಾಲಕ್ಕೆ ಪೇಪರು ಎತ್ತಿಕೊಂಡರು. ಗಿಣಿ ಕನ್ನಡಿಯಲ್ಲೇ ಅವನನ್ನು ನೋಡಿ ಹಲ್ಲು ಕಿರಿದ.

"ಎದ್ದ್ರಾ ಭಾವ? ಏನಾದ್ರೂ ಸಿಕ್ತಾ?"

"ನಿನ್ನಕ್ಕ ಮಾತಾಡಿದ್ಲು."

ಗಿಣಿಯ ಕತ್ತರಿ ನಿಂತಿತು. "ಏನಂದ್ಲು?"

"ನೀನೇ ಹೇಳು. ನಿನ್ನಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ?"

ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅರ್ಧ ಕೂದಲು ಕತ್ತರಿಸಿಕೊಂಡವನೂ ಕೊರಳ ಬಟ್ಟೆ ಬಿಚ್ಚಿಟ್ಟು ನಡೆದ. ಗಿಣಿಯ ಮುಖ ಇಷ್ಟೇ ಇಷ್ಟಾಗಿತ್ತು. "ತಮಾಷೆಗೆ ಭಾವ... ನಗ್ತಾ ಇದ್ರು, ಮಾಡ್ತಾ ಹೋದೆ. ಅವಳ ದನಿ ತೆಗೆದ್ರೆ ನನಗೂ ಒಂಥರಾ ಸಮಾಧಾನ. ನನಗೂ ಅಕ್ಕ ಅಲ್ವಾ ಅವಳು?"

ಅತ್ತಿದ್ದನ್ನು ಆಡಿಕೊಂಡದ್ದನ್ನು ಭಾವ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಅವನ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ.

"ಆ ದನಿಗೋಸ್ಕರ ನಾನು ದಿನಾ ಕಣ್ಮುಚ್ಚಿ ಒದ್ದಾಡೋದು ನಿನಗೆ ಗೊತ್ತಿತ್ತು. ಅದು ನಿನ್ನ ಬಾಯಲ್ಲೇ ಇತ್ತು. ಬೀದಿಗೆಲ್ಲ ಹಂಚಿದ್ಯಲ್ಲೋ, ನನಗೊಂದು ಸಲ ಕೇಳಿಸಬಾರದಿತ್ತಾ?"

ಗಿಣಿ ಪೊರಕೆ ಹಿಡಿದು ನೆಲದ ಮೇಲಿನ ಕೂದಲು ಗುಡಿಸತೊಡಗಿದ.

ಅಂಗಡಿ ಈಗಲೂ ನಡೆಯುತ್ತಿದೆ. ಬೆಳಿಗ್ಗೆ ಷಟರ್ ಎತ್ತುವಾಗ ಗಿಣಿ ಈಗ, "ಹೇಳಿ ಭಾವ," ಎನ್ನುವುದಿಲ್ಲ. ಕನಸುಗಳು ಮಾತ್ರ, ಕಲಿತ ಪಾಠ ವ್ಯರ್ಥವಾಗಬಾರದು ಎಂಬಂತೆ, ದಿನವೂ ಬೀಳುತ್ತವೆ. ಹೆಂಡತಿ ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ಈಗ ಅವಳಿಗೆ ದನಿಯಿದೆ. "ರೀ..." ಎನ್ನುತ್ತಾಳೆ, ಅದೇ ಎಳೆತ, ಅದೇ ಹುಸಿಮುನಿಸು. ಅದರ ಹಿಂದೆಯೇ ಬೆಂಚಿನ ನಗು ಏಳುತ್ತದೆ. ಎಚ್ಚರವಾದೊಡನೆ ಭಾವ ಪಟ್ಟನೆ ಕಣ್ಣು ಬಿಡುತ್ತಾನೆ, ಕೈಕಾಲು ಜಾಡಿಸುತ್ತಾನೆ, ಮಗ್ಗುಲು ಬದಲಿಸುತ್ತಾನೆ. ಏನು ಮಾಡಿದರೆ ಕನಸು ಓಡಿಹೋಗುತ್ತದೆ ಎಂಬುದನ್ನೂ ಗಿಣಿಯೇ ಕಲಿಸಿಕೊಟ್ಟಿದ್ದ.