ಅತ್ತೆಯ ಮೂಗು, ಅಳಿಯನ ಸಾಬೂನು

ಪೇಂಟರ್‌ಗೆ ವಾಸನೆ ತಿಳಿಯುವುದು ಯಾವಾಗ ನಿಂತಿತು ಎಂಬುದು ಅವನಿಗೇ ಗೊತ್ತಿರಲಿಲ್ಲ. ಗ್ಯಾರೇಜೊಂದರಲ್ಲಿ ಕಾರು, ವ್ಯಾನುಗಳಿಗೆ ಬಣ್ಣದ ಸ್ಪ್ರೇ ಹೊಡೆಯುತ್ತ ಅರ್ಧ ಆಯುಸ್ಸು ಕಳೆದಿದ್ದ. ಕಣ್ಣು ಹೋದರೆ ಕತ್ತಲಾಗುತ್ತದೆ, ಕಿವಿ ಹೋದರೆ ಸುತ್ತಲಿನವರು ಕಿರುಚತೊಡಗುತ್ತಾರೆ. ಮೂಗು ಹೋದರೆ ಏನೂ ಆಗುವುದಿಲ್ಲ. ಒಂದು ಬೆಳಗ್ಗೆ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕಪ್ಪಾಗುವವರೆಗೂ ಅವನು ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ. ಹೆಂಡತಿ ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿಬಂದಳು.

“ಮೂಗು ಎಲ್ಲಿಟ್ಟಿದ್ದೀರಿ?”

“ನೆಗಡಿ,” ಅಂದ.

ಆ ನೆಗಡಿ ಎರಡು ವರ್ಷದಿಂದ ನಡೆದುಕೊಂಡು ಬಂದಿತ್ತು.

ವಾಸನೆಯಿಲ್ಲದೆ ಬದುಕಬಹುದು. ಆದರೆ ತನ್ನ ಮೈಯಿಂದ ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆ ಹೊಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದೆ ಬದುಕುವುದು ಅವನಿಗೆ ಕಷ್ಟವಾಯಿತು. ಅದಕ್ಕೆ ಕಾರಣ ಅತ್ತೆ. ಮದುವೆಯ ಹೊಸದರಲ್ಲಿ ಅವರು ತಮ್ಮ ತಂಗಿಗೆ ಹೇಳಿದ್ದರು: “ಹುಡುಗ ಚಿನ್ನ. ಪಕ್ಕದಲ್ಲಿ ಕೂತ್ರೆ ಮಾತ್ರ ತಲೆ ತಿರುಗುತ್ತೆ.” ಚಿನ್ನ ಬಾಗಿಲ ಹಿಂದೆಯೇ ನಿಂತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅದು ತಟ್ಟೆ ನೋಡಿಕೊಂಡೇ ಅಂದಿತು: “ಕೆಲವರ ಮೂಗು ಅವರ ಮುಖದ ಮೇಲಿರೋದಕ್ಕಿಂತ ಕಂಡವರ ಅಂಗಿ ಮೇಲಿರೋದೇ ಹೆಚ್ಚು.” ಜಗಳವೇನೂ ಆಗಲಿಲ್ಲ. ಮಾತು ನಿಂತಿತು, ಅಷ್ಟೆ. ಮಧ್ಯೆ ಮಾತು ದಾಟಿಸಲು ಅತ್ತೆಯ ಮಗಳೊಬ್ಬಳು ಇದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಮಗಳನ್ನು ಬಿಟ್ಟು.

ಅಂಗಡಿಯಲ್ಲಿ ಸಿಗುವ ಸಾಬೂನನ್ನೆಲ್ಲ ಉಜ್ಜಿ ನೋಡಿ, ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯುವ ದಾರಿಯಿಲ್ಲದೆ, ಪೇಂಟರ್ ಕೊನೆಗೆ ತಾನೇ ಸಾಬೂನು ಮಾಡಲು ಹೊರಟ. ಒಲೆ ಹಚ್ಚಬೇಕಿಲ್ಲದ ಕೆಲಸ ಅದು. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿದರೆ ನೀರು ತಾನಾಗಿಯೇ ಕಾಯುತ್ತದೆ. ಅದು ಆರಿದ ಮೇಲೆ ಎಣ್ಣೆಗೆ ಸುರಿದು ಕೈ ಬ್ಲೆಂಡರಿನಿಂದ ಕಡೆದರೆ ಗಂಜಿಯ ಹದಕ್ಕೆ ಬರುತ್ತದೆ. ಆಗ ಬಣ್ಣ, ಆಗಲೇ ಪರಿಮಳ. ಅಚ್ಚಿಗೆ ಹೊಯ್ದು, ಮಾರನೆಯ ದಿನ ಕೊಯ್ದು, ತಿಂಗಳೂ ಚಿಲ್ಲರೆ ಗಾಳಿಗಿಟ್ಟರೆ ಸಾಬೂನು. ಕನ್ನಡಕ, ಕೈಗವಸು ಗ್ಯಾರೇಜಿನವೇ ಇದ್ದವು. ಈಗ ಮುಖಕ್ಕೆ ಬಟ್ಟೆಯನ್ನೂ ತಪ್ಪದೆ ಕಟ್ಟಿಕೊಂಡ. ಕಾಯುವುದೂ ಅವನಿಗೆ ಹೊಸದಲ್ಲ. ಒಣಗದ ಬಣ್ಣವನ್ನು ಮುಟ್ಟಿ ನೋಡುವ ಗಿರಾಕಿಗಳನ್ನು ಬೈದು ಬೈದು ಅಭ್ಯಾಸವಾಗಿತ್ತು.

ಅವಮಾನವಾದದ್ದು ಬಣ್ಣದಲ್ಲಿ. ಗೀರು ಬಿದ್ದ ಯಾವ ಬಾಗಿಲನ್ನು ತಂದು ನಿಲ್ಲಿಸಿದರೂ ಅದೇ ಬಣ್ಣ ಕಲಸಿ ಕೊಡುತ್ತಿದ್ದವನು ಬೀಟ್‌ರೂಟಿನ ರಸ ಹಾಕಿದ. ಕೆನ್ನೀಲಿ ಗುಲಾಬಿ ಬರಬೇಕಾದಲ್ಲಿ ಕಣ್ಣೆದುರಿಗೇ ತುಕ್ಕಿನ ಬಣ್ಣ ಬಂತು. ಕೆಂಪು ದಾಸವಾಳದ ಪುಡಿ ಪಾಚಿಯಂತಾಯಿತು. ಪಾಲಕ್ ಸೊಪ್ಪಿನ ಹಸಿರು ವಾರದಲ್ಲಿ ಒಣಹುಲ್ಲಾಯಿತು. ಅರಿಶಿನ ಮಾತ್ರ ಇಟ್ಟಿಗೆ ಕೆಂಪಾಗಿ ನಿಂತು, ಆಮೇಲೆ ನಿಧಾನವಾಗಿ ಮನಸ್ಸು ಬದಲಾಯಿಸಿ ಕಿತ್ತಳೆಯಾಯಿತು. “ಕಾಸ್ಟಿಕ್ ಎದುರು ಯಾವ ಬಣ್ಣಕ್ಕೂ ಮಾತಿನ ಮೇಲೆ ನಿಲ್ಲೋ ಧೈರ್ಯ ಇಲ್ಲ,” ಎಂದು ಹೆಂಡತಿಗೆ ಹೇಳಿದ. ಕನ್ನಡಕದಂಗಡಿಯಲ್ಲಿ ದಿನವಿಡೀ ಜನರ ಕಿವಿ ಅಳೆದು ಬಂದಿದ್ದ ಅವಳು, “ಒಗ್ಗರಣೆ ಸೌಟು ಎಲ್ಲಿ?” ಅಂದಳು.

ಅಷ್ಟರಲ್ಲಿ ಅತ್ತೆಗೆ ಮೊಣಕಾಲಿನ ಆಪರೇಷನ್ ಆಯಿತು. ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಗಳ ಮನೆ ನೆಲಮಹಡಿ. ಮೆಟ್ಟಿಲು ಹತ್ತುವಂತಾಗುವವರೆಗೆ ಇಲ್ಲೇ ಇರುವುದೆಂದಾಯಿತು. ಅವರು ಶಾಲೆಯಲ್ಲಿ ಟೀಚರಾಗಿದ್ದವರು; ಹಿಂದಿನ ಬೆಂಚಿನಲ್ಲಿ ಯಾರು ಸೀಬೆಹಣ್ಣು ಕಚ್ಚಿದರು ಎಂಬುದನ್ನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳುತ್ತಿದ್ದರಂತೆ. ಬಂದ ಮೊದಲ ಸಂಜೆಯೇ, ಅಳಿಯ ಎದುರಿಗೇ ಕೂತಿರುವಾಗ, ಮಗಳ ಕಡೆ ತಿರುಗಿ, “ಕಪಾಟಿನ ಮೇಲೆ ಏನೋ ಒಣಗ್ತಿದೆಯಲ್ಲ, ಅದಕ್ಕೆ ವಾಸನೆ ಹಾಕೋದು ಮರೆತಿದ್ದಾರೆ ಅಂತ ಹೇಳು,” ಅಂದರು.

“ಮರೆತಿಲ್ಲ, ಲ್ಯಾವೆಂಡರ್ ಹಾಕಿದ್ದೀನಿ ಅಂತ ಹೇಳು,” ಎಂದ ಅಳಿಯ.

“ಹಾಗಾದ್ರೆ ಬಾಟಲಿಯವನು ಮರೆತಿದ್ದಾನೆ ಅನ್ನು.”

ಹೆಂಡತಿ ಎರಡು ಕಡೆಗೂ ಏನನ್ನೂ ಹೇಳಲಿಲ್ಲ. ಇಬ್ಬರಿಗೂ ಆಗಲೇ ಕೇಳಿಸಿತ್ತು.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ರಜೆಯ ದಿನ ಪೇಂಟರ್ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಕಿಟಕಿ ತೆಗೆದಿಟ್ಟು, ಕಿತ್ತಳೆ ಪರಿಮಳದ ಸಾಬೂನಿಗೆ ಕೈ ಹಾಕಿದ. ಹೆಂಡತಿ ಅಂಗಡಿಗೆ ಹೋಗಿದ್ದಳು. ಪರಿಮಳದ ಎಣ್ಣೆಗಳೆಲ್ಲ ಒಂದೇ ಥರದ ಕಂದು ಬಾಟಲಿಗಳಲ್ಲಿದ್ದವು. ಎಣ್ಣೆ ಜಿನುಗಿ ಚೀಟಿಗಳ ಮೇಲಿನ ಅಕ್ಷರ ಕದಡಿಹೋಗಿತ್ತು. ಬೇರೆ ಯಾರಾದರೂ ಮುಚ್ಚಳ ತೆಗೆದು ಮೂಸುತ್ತಿದ್ದರು. ಅವನು ಎಡಗಡೆಯಿಂದ ಎರಡನೆಯದು ಎಂಬ ನೆನಪಿನ ಮೇಲೆ ತೆಗೆದು ಸುರಿದ.

ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ತಲೆಯೆತ್ತಿದರು. ಊರುಗೋಲು ಹಿಡಿದು ಬಂದು, ಬಾಗಿಲಲ್ಲಿ ನಿಂತು, ಫ್ರಿಜ್ಜಿಗೆ ಹೇಳಿದರು: “ಯಾರೋ ಲವಂಗದೆಣ್ಣೆ ಸುರೀತಿರೋ ಹಾಗಿದೆ.”

ಪೇಂಟರ್ ಪಾತ್ರೆಗೆ ಹೇಳಿದ: “ಇದು ಕಿತ್ತಳೆ.”

“ಕಿತ್ತಳೆ ಅಂದ್ಕೊಂಡೋರಿಗೆ ಕಿತ್ತಳೆ.”

ಅವನು ಬ್ಲೆಂಡರ್ ಒತ್ತಿದ. ಲವಂಗದೆಣ್ಣೆಗೆ ಒಂದು ಗುಣವಿದೆ: ಸಾಬೂನಿನ ಗಂಜಿಗೆ ಬಿದ್ದರೆ ಅದನ್ನು ಗಂಜಿಯಾಗಿರಲು ಬಿಡುವುದಿಲ್ಲ. ಮೂರು ಸುತ್ತು ತಿರುಗಿದ ಬ್ಲೆಂಡರ್ ನಾಲ್ಕನೆಯದಕ್ಕೆ ನರಳಿ ನಿಂತಿತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬ್ಲೆಂಡರನ್ನು ಮೇಲೆತ್ತಿದ. ಪಾತ್ರೆಯೂ ಜೊತೆಗೇ ಎದ್ದು ಬಂತು. ಅಲ್ಲಾಡಿಸಿದ. ಪಾತ್ರೆಯೂ ಅಲ್ಲಾಡಿತು.

ಕೈಗವಸು ತೆಗೆದು ಹೆಂಡತಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟ. “ನಿಮ್ಮಮ್ಮನ್ನ ಕೇಳು, ಇದು ನಿಜವಾಗ್ಲೂ ಲವಂಗನಾ ಅಂತ.”

“ನನ್ನ ಮುಂದೆ ಒಬ್ಬರು ಗಿರಾಕಿ ಒಂದು ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ,” ಎಂದಳು ಹೆಂಡತಿ. “ಅಮ್ಮ ಎಲ್ಲಿದ್ದಾರೆ?”

“ಇಲ್ಲೇ. ಅಡುಗೆಮನೇಲಿ.”

“ನೀವೆಲ್ಲಿದ್ದೀರಿ?”

“ಅಡುಗೆಮನೇಲಿ.”

“ಲವಂಗವೇ ಅಂತ ಹೇಳು ಅವರಿಗೆ,” ಎಂದು ಅತ್ತೆ ಫೋನಿನ ಕಡೆ ಬಾಗಿ ಹೇಳಿದರು.

ಆ ಕಡೆಯಿಂದ ಗಿರಾಕಿಗೆ “ಕಣ್ಣು ಬಿಡಿ” ಅಂದದ್ದು ಕೇಳಿಸಿತು. ಆಮೇಲೆ ಹೆಂಡತಿ ಬಹಳ ಮೆಲ್ಲಗೆ, ಗಿರಾಕಿಗಳ ಜೊತೆ ಮಾತಾಡುವ ದನಿಯಲ್ಲಿ, “ಇವತ್ತಿಂದ ನಾನು ಈ ಕೆಲಸ ಮಾಡಲ್ಲ. ನೀವಿಬ್ಬರೇ ನೋಡ್ಕೊಳ್ಳಿ,” ಎಂದು ಫೋನ್ ಇಟ್ಟಳು.

ಅಡುಗೆಮನೆಯಲ್ಲಿ ಇಬ್ಬರು, ಒಂದು ಪಾತ್ರೆ. ಅದು ತಳದಿಂದ ಬಿಸಿಯಾಗುತ್ತಿತ್ತು.

“ಪಾತ್ರೆ ಹಿಡ್ಕೊಳ್ಳೋರು ಯಾರಾದ್ರೂ ಇದ್ದಿದ್ರೆ…” ಎಂದು ಪೇಂಟರ್ ಗೋಡೆಗೆ ಹೇಳತೊಡಗಿದ.

“ಸಾಕು ಬಿಡಿ,” ಅಂದರು ಅತ್ತೆ. “ಗವಸು ಕೊಡಿ ಇಲ್ಲಿ. ಕನ್ನಡಕಾನೂ ಇನ್ನೊಂದಿದ್ರೆ ಕೊಡಿ.”

ಅವರು ಕುರ್ಚಿಯಲ್ಲಿ ಕೂತು ಪಾತ್ರೆಯನ್ನು ಒಳ್ಳೆಯ ಮೊಣಕಾಲಿಗೆ ಒತ್ತಿ ಹಿಡಿದರು. ಅವನು ಬ್ಲೆಂಡರ್ ಹಿಡಿದು ಎಳೆದ. ಒಂದು ಸಲ ಅತ್ತೆಯೂ ಕುರ್ಚಿಯೂ ಪಾತ್ರೆಯೂ ಸೇರಿ ಗೇಣುದ್ದ ಮುಂದೆ ಬಂದರು. ಮತ್ತೊಂದು ಸಲಕ್ಕೆ ಬ್ಲೆಂಡರ್ ಒಂದು ದೊಡ್ಡ ಹೆಂಟೆಯ ಸಮೇತ ಬಿಟ್ಟುಕೊಂಡಿತು. ಉಳಿದದ್ದನ್ನು ಮರದ ಸೌಟಿನಿಂದ ಕೆದಕಿ ಅಚ್ಚಿಗೆ ಗುದ್ದಿ ತುಂಬಿದರು. ನೋಡಲು ಅದು ಒಡೆದ ಫುಟ್‌ಪಾತಿನಂತಿತ್ತು.

ಕೈ ತೊಳೆಯುವಾಗ ಅತ್ತೆ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಮೂಸಿದರು. ಆಮೇಲೆ ಒಂದನ್ನು ಅವನ ಮೂಗಿನ ಕೆಳಗೆ ಹಿಡಿದರು.

“ಇದು ಯಾವುದು?”

ಪೇಂಟರ್ ಬಾಟಲಿಯನ್ನಲ್ಲ, ಅವರ ಮುಖವನ್ನು ನೋಡಿ ಊಹಿಸಲು ನೋಡಿದ. ಟೀಚರಾಗಿದ್ದವರಿಗೆ ಆ ನೋಟ ಗೊತ್ತಿರುವಂಥದ್ದೇ.

“ನಿಮಗೆ ವಾಸನೆ ಬರಲ್ಲ,” ಅಂದರು.

“ಇಲ್ಲ.”

“ಯಾವಾಗಿಂದ?”

“ಗೊತ್ತಿಲ್ಲ. ಹೋಗೋವಾಗ ಹೇಳಿ ಹೋಗಲಿಲ್ಲ.”

“ಅವಳಿಗೆ ಗೊತ್ತಾ?”

“ನೆಗಡಿ ಅಂದಿದ್ದೀನಿ.”

ಅತ್ತೆ ಬಾಟಲಿಗಳ ಮುಚ್ಚಳ ಹಾಕಿದರು. ಮೂಗಿಲ್ಲದವನು ಪರಿಮಳದ ಸಾಬೂನು ಯಾಕೆ ಮಾಡುತ್ತಾನೆ ಎಂದು ಅವರು ಕೇಳಲಿಲ್ಲ. ಯೋಚಿಸಿದರು ಅನ್ನಿಸುತ್ತದೆ, ಯಾಕೆಂದರೆ ಅವರ ಕಿವಿ ಕೆಂಪಾಯಿತು. ಅವರು ಊರುಗೋಲು ಊರಿಕೊಂಡು ಹತ್ತಿರ ಬಂದರು. ಅವನ ಅಂಗಿಯ ತೋಳನ್ನು, ಆಮೇಲೆ ಕಾಲರನ್ನು, ಮಾರುಕಟ್ಟೆಯಲ್ಲಿ ಕಲ್ಲಂಗಡಿ ನೋಡುವವರ ಗಾಂಭೀರ್ಯದಲ್ಲಿ ಮೂಸಿದರು. ಪೇಂಟರ್ ಉಸಿರು ಹಿಡಿದು ನಿಂತ.

“ತಿನ್ನರ್ ಇಲ್ಲ,” ಅಂದರು. “ಬೆವರಿದೆ. ಅದು ಎಲ್ಲರಿಗೂ ಇರುತ್ತೆ.”

ಕನ್ನಡಕ ಮಬ್ಬಾಗಿತ್ತು; ತೆಗೆದು ಒರೆಸಿಕೊಂಡ. ತೆಗೆದ ಮೇಲೂ ಸ್ವಲ್ಪ ಮಬ್ಬಾಗಿಯೇ ಇತ್ತು.

ಸಂಜೆ ಹೆಂಡತಿ ಬಂದಾಗ ಅಡುಗೆಮನೆಯಿಂದ ಎರಡು ದನಿ ಕೇಳುತ್ತಿತ್ತು.

“ಅಳಿಯಂದ್ರೇ, ಮೈಗೆ ಹಚ್ಚೋ ಹಾಗಿಲ್ಲ ಇದನ್ನ, ಉರಿಯುತ್ತೆ!”

“ಹಾಗಂತ ಎಸೆಯೋಕಾಗುತ್ತಾ?”

ಅವಳು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಇಷ್ಟು ವರ್ಷ ಹೊತ್ತ ಹೊರೆ ಇಳಿದಿತ್ತು. ಹಗುರಾಯಿತು, ಜೊತೆಗೆ, ತನ್ನನ್ನು ಕೇಳದೆಯೇ ಇವರು ಜಗಳ ಶುರು ಮಾಡಿದ್ದಾರಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು. ಊಟ ಮಾಡುವಾಗ ಗಂಡ ನೆಗಡಿಯ ವಿಷಯ ಹೇಳಿದ. ಅವಳು ಅನ್ನ ಕಲಸುವುದನ್ನು ನಿಲ್ಲಿಸಿ, “ನನಗ್ಯಾಕೆ ಹೇಳಲಿಲ್ಲ?” ಎಂದು ಕೇಳಿದಳು.

“ಹೇಳಿದ್ರೆ ನೀನು ದಿನಾ ನನ್ನ ಮೂಸಿ ನೋಡ್ಬೇಕಾಗ್ತಿತ್ತು.”

“ಈಗ ಅಮ್ಮ ನೋಡ್ತಾರಾ?”

“ಇವತ್ತು ನೋಡಿದೆ,” ಅಂದರು ಅತ್ತೆ. “ಪರವಾಗಿಲ್ಲ.”

ಲವಂಗದ ಸಾಬೂನನ್ನು ಹುಳ ಬರದಿರಲೆಂದು ಬಟ್ಟೆಯ ಬೀರುವಿನಲ್ಲಿಟ್ಟರು. ಮೂವರೂ ಬಹಳ ದಿನ ಹಲ್ಲಿನ ಡಾಕ್ಟರ ಕೋಣೆಯಿಂದ ಎದ್ದು ಬಂದವರ ಹಾಗೆ ಓಡಾಡಿದರು. ಪೇಂಟರ್ ಒಬ್ಬನಿಗೆ ಅದರ ತೊಂದರೆಯಿರಲಿಲ್ಲ.

ಆಮೇಲಿನ ಸಾಬೂನುಗಳನ್ನು ಇಬ್ಬರೂ ಸೇರಿ ಮಾಡಿದರು. ಪರಿಮಳ ಅತ್ತೆಯದು, ಬಣ್ಣ ಅಳಿಯನದು ಎಂದು ಒಪ್ಪಂದವಾಗಿತ್ತು. ಇಬ್ಬರೂ ಅದನ್ನು ಪಾಲಿಸಲಿಲ್ಲ. ಮಂಜಿಷ್ಠದ ಬೇರಿನ ಪುಡಿಯನ್ನು ಎಣ್ಣೆಯಲ್ಲಿ ನೆನೆಸಿಟ್ಟರೆ ಬರುವ ಗುಲಾಬಿ ಕಾಸ್ಟಿಕ್ಕಿಗೆ ಹೆದರುವುದಿಲ್ಲ ಎಂದು ಅವನು ಕೊನೆಗೂ ಕಂಡುಕೊಂಡ. ನೀಲಿಗೆ ನೀಲಿ ಗಿಡದ ಪುಡಿ ಸಿಕ್ಕಿತು. ಎರಡನ್ನೂ ಒಂದೇ ಅಚ್ಚಿಗೆ ಹೊಯ್ದು ಕಡ್ಡಿಯಿಂದ ಒಮ್ಮೆ ಎಳೆದ. ಮಾರನೆಯ ದಿನ ಕೊಯ್ದಾಗ ಪ್ರತಿ ಬಿಲ್ಲೆಯ ಮೇಲೂ ಬೆಳಗಿನ ಮೋಡದಂಥದ್ದು ಬಂದಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ನೀಲಿ ಸ್ವಲ್ಪ ಜಾಸ್ತಿಯಾಯ್ತು,” ಅಂದರು.

“ಕಿತ್ತಳೆ ವಾಸನೆ ಸ್ವಲ್ಪ ಕಮ್ಮಿಯಾಗಿದೆ,” ಅಂದ ಅವನು.

“ನಿಮಗೆ ಹೇಗೆ ಗೊತ್ತು?”

“ನಿಮಗೆ ಹೇಗೋ ಹಾಗೇ.”

ಅತ್ತೆಯ ಕಾಲು ಗುಣವಾಗುತ್ತ ಬಂತು. ಅವರು ಹಟ ಹಿಡಿದು ಅಳಿಯನನ್ನು ಮೂಗಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಡಿಗೆಯ ಅಭ್ಯಾಸವೂ ಆಗುತ್ತದೆ ಎಂಬ ನೆಪ ಇತ್ತು. ಡಾಕ್ಟರ್ ದೀಪ ಬಿಟ್ಟು ನೋಡಿದರು, ಏನೇನೋ ಮೂಸಿಸಿದರು, ಬರುವ ಸಾಧ್ಯತೆ ಕಡಿಮೆ, ಬಂದರೂ ಬರಬಹುದು ಅಂದರು. ಪೇಂಟರ್ “ಸರಿ” ಅಂದ. ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ ಮೇಲೆ ಇನ್ನೊಮ್ಮೆ “ಸರಿ” ಅಂದ.

ಅತ್ತೆ ಊರುಗೋಲನ್ನು ಪಕ್ಕಕ್ಕಿಟ್ಟು, ತಾವಾಗಿಯೇ ಹೇಳತೊಡಗಿದರು: “ಹಿಂದೆ ಬೇಕರಿ ಇದೆ. ಬ್ರೆಡ್ಡು ಈಗ ತೆಗೆದಿದ್ದಾರೆ. ತಳ ಸ್ವಲ್ಪ ಸೀದಿದೆ.”

ಅವನು ತಿರುಗಿ ನೋಡಲಿಲ್ಲ. “ಆಮೇಲೆ?”

“ಮುಂದೆ ನಿಂತಿರೋ ಹೆಂಗಸಿನ ಚಪ್ಪಲಿ ಹೊಸದು. ಪೆಟ್ರೋಲು. ಒದ್ದೆ ನಾಯಿ.”

“ನಾಯಿ ಎಲ್ಲಿದೆ?”

“ಹೋಯ್ತು. ಈಗಷ್ಟೇ ಹೋಗಿದೆ.”

ಅವನು ಕಣ್ಣು ಮುಚ್ಚಿ ಕೇಳುತ್ತ ಕೂತ. ಬಸ್ಸು ಬಂದು ಬಾಗಿಲು ತೆರೆಯಿತು. ಒಳಗೆ ಸೀಟು ಬೇಕಾದಷ್ಟು ಖಾಲಿಯಿದ್ದವು. ಪೇಂಟರ್ ಎದ್ದು ನಿಂತು ಅತ್ತೆಗೆ ಕೈ ಕೊಟ್ಟ. ಅತ್ತೆ ಬಾಗಿಲವರೆಗೆ ಬಂದು, ಅಲ್ಲೇ ನಿಂತು, ಮುಖ ಕಿವುಚಿ ಹಿಂದೆ ಸರಿದರು.

“ಇದು ಬೇಡ. ಮುಂದಿನದಕ್ಕೆ ಹೋಗೋಣ.”

“ಯಾಕೆ? ಏನಿದೆ?”

“ಹೇಳೋ ಅಂಥದ್ದಲ್ಲ. ಇದೊಂದಕ್ಕೆ ನಿಮ್ಮ ಮೂಗೇ ವಾಸಿ.”

ಇಬ್ಬರೂ ಮತ್ತೆ ಬೆಂಚಿನ ಮೇಲೆ ಕೂತರು.