ಗೋಲ್‌ಕೀಪರನ ಮನೆಯ ನಲ್ಲಿ

ಅವನ ಭುಜಗಳನ್ನು ಊರಿಗೆ ಊರೇ ಓದುತ್ತಿತ್ತು. ಗೋಲ್ ಕಂಬಗಳ ನಡುವೆ ತೋಳು ಚಾಚಿ ನಿಂತರೆ ರೆಕ್ಕೆ ಬಿಚ್ಚಿದ ಗರುಡನಂತೆ ಕಾಣುತ್ತಿದ್ದ ಆ ಆಜಾನುಬಾಹು, ಪಂದ್ಯ ಮುಗಿಸಿ ಒಳನಡೆಯುವಾಗ ಎಡಭುಜವನ್ನು ತುಸು ಇಳಿಬಿಟ್ಟರೂ ಸಾಕು, ಟೀವಿಯ ಪಂಡಿತನೊಬ್ಬ ಚಿತ್ರ ನಿಲ್ಲಿಸಿ ಕೆಂಪು ವೃತ್ತ ಎಳೆಯುತ್ತಿದ್ದ. "ಕೋಚ್ ಕೈ ಕುಲುಕುವಾಗ ಕಣ್ಣು ಎಲ್ಲಿದೆ ನೋಡಿ! ಈತ ತಂಡ ಬಿಡ್ತಾನೆ, ಬರೆದಿಟ್ಕೊಳ್ಳಿ." ಮರುದಿನ ಅದೇ ಭುಜ, ಅದೇ ವೃತ್ತ: "ಖಂಡಿತ ಬಿಡಲ್ಲ."

ಮಗಳನ್ನು ಸೊಂಟಕ್ಕೇರಿಸಿಕೊಂಡು ಅವನ ಹೆಂಡತಿಯೂ ಇದನ್ನು ನೋಡುತ್ತಿದ್ದಳು. ನೋಡಬೇಕಾಗಿ ಬಂತಲ್ಲ ಎಂದು ಉರಿಯುತ್ತಿದ್ದಳು. ಕಟ್ಟಿಕೊಂಡ ಗಂಡ ಇರುತ್ತಾನೋ ಹೊರಡುತ್ತಾನೋ ಎಂಬುದನ್ನು ಕೋಟು ತೊಟ್ಟ ಅಪರಿಚಿತನಿಂದ ತಿಳಿಯಬೇಕೆ? ಮನೆಯಲ್ಲಿ ಅವನದು ಒಂದೇ ಉತ್ತರ: "ನೋಡೋಣ ಬಿಡು." ಹಾಲು ಮುಗಿಯಿತು ಎಂದರೂ ಅದೇ, ಮಗುವಿಗೆ ಜ್ವರ ಎಂದರೂ ಅದೇ.

ಕಳೆದ ಸಲ ಊರು ಬದಲಿಸಿದಾಗ ಮಗಳು ಮಾತು ನಿಲ್ಲಿಸಿದ್ದಳು. ಆಗಷ್ಟೇ ಮೊಳೆತಿದ್ದ ಪದಗಳೆಲ್ಲ ದಾರಿಯಲ್ಲೆಲ್ಲೋ ಉದುರಿಹೋದಂತೆ ತಿಂಗಳುಗಟ್ಟಲೆ ಮೌನ. ಅದು ಮುರಿದದ್ದು ಈ ಬಾಡಿಗೆ ಮನೆಯ ಸೋರುವ ನಲ್ಲಿಯ ಮುಂದೆ: "ತೊಟ್." ಆಮೇಲೆ "ನೀರು". ಮೊನ್ನೆ ಶಿಶುವಿಹಾರದ ಟೀಚರಿಗೆ "ಬಾ" ಎಂದಿದ್ದಳಂತೆ.

ಹೆಂಡತಿಯ ಹೊರತು ಮಿಕ್ಕವರು ಅರಿಯದ ಅಭ್ಯಾಸವೊಂದು ಅವನಿಗಿತ್ತು. ಬಿಡಲಿರುವ ಮನೆಯನ್ನು ಮಾತ್ರ ಅವನು ರಿಪೇರಿ ಮಾಡುತ್ತಿದ್ದ. ಹಿಂದಿನ ಮನೆಯಲ್ಲಿ ವರ್ಷವಿಡೀ ಕಿರುಗುಟ್ಟಿದ ಕದಕ್ಕೆ ಎಣ್ಣೆ ಬಿದ್ದದ್ದು ಗಂಟುಮೂಟೆ ಕಟ್ಟುವ ವಾರದಲ್ಲಿ. ಅದರ ಹಿಂದಿನದರಲ್ಲಿ ಗೋಡೆಯ ತೂತು ಮುಚ್ಚಿದ್ದೂ ಹಾಗೆಯೇ. ಮಾಲೀಕರಿಂದ ಒಂದು ಮಾತು ಬರಬಾರದೆಂಬ ಹಠ.

ಆ ಸಂಜೆ ಮೈದಾನದಿಂದ ಬಂದವನು ಬೂಟನ್ನೂ ಬಿಚ್ಚದೆ ಅಡುಗೆಮನೆಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ.

"ಯಾವೂರಿಗೆ?" ಎಂದಳು ಹೆಂಡತಿ.

"ಏನು? ನಲ್ಲಿ ಸೋರ್ತಿತ್ತಲ್ಲ."

"ಬಂದಾಗಿಂದ ಸೋರ್ತಿದೆ ರೀ. ಯಾವೂರಿಗೆ ಅಂತ ಹೇಳಿ."

ಸ್ಪ್ಯಾನರ್ ನಿಂತಿತು. "ಯಾರು ಹೇಳಿದ್ರು ನಿನಗೆ? ಇನ್ನೂ ಮಾತುಕತೆ ನಡೀತಿದೆ. ನೋಡೋಣ ಬಿ..."

"ಊರಿಗೆಲ್ಲ ಭುಜ ಕುಣಿಸ್ತೀರಿ, ನನಗೆ ನಲ್ಲಿ ತಿರುಗಿಸ್ತೀರಿ. ಬಾಯಿ ಯಾರಿಗಾದ್ರೂ ಬಾಡಿಗೆಗೆ ಕೊಟ್ಟಿದ್ದೀರಾ?"

ಗದ್ದಲಕ್ಕೆ ಓಡಿಬಂದ ಮಗಳು ನಲ್ಲಿಯತ್ತ ಮುಖವೆತ್ತಿ ಕಾದಳು. "ತೊಟ್?" ಎಂದಳು. ಹನಿ ಬೀಳಲಿಲ್ಲ. ತುಟಿ ಬಿಗಿದು ಅಪ್ಪನ ಬೂಟು ನೋಡುತ್ತ ನಿಂತುಬಿಟ್ಟಳು.

ಹೆಂಡತಿ ಸ್ಪ್ಯಾನರನ್ನು ಕಿತ್ತುಕೊಂಡು, ಅವನು ಬಿಗಿದದ್ದನ್ನು ಮತ್ತೆ ಸಡಿಲಿಸಿದಳು. ಹನಿಯೊಂದು ಊದಿಕೊಂಡು, ತೂಗಿ, ಕಳಚಿತು.

"ಇವಳು ಪೂರ್ತಿ ಒಂದು ವಾಕ್ಯ ಆಡೋವರೆಗೂ ನಾವು ಇಲ್ಲಿಂದ ಕದಲಲ್ಲ. ನೀವು ಹೋಗೋದಿದ್ರೆ ಹೋಗಿ. ಹೇಳಿ ಹೋಗಿ."

ಅವನ ಎಡಭುಜ ಇಳಿಯಿತು. ಅವಳು ಅದನ್ನು ಓದಲು ಹೋಗಲಿಲ್ಲ.

ತಡೆಯುವುದನ್ನೇ ಕಸುಬಾಗಿಸಿಕೊಂಡವರ ಬಗೆಯೇ ಹಾಗಿರಬೇಕು. ತಮ್ಮತ್ತ ಹಾರಿಬಂದದ್ದನ್ನೆಲ್ಲ ಎದೆಗವಚಿಕೊಂಡು ಬಿದ್ದುಬಿಡುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಹಿಡಿದದ್ದನ್ನು ಮತ್ತೆ ಆಟಕ್ಕೆ ಬಿಡದಿದ್ದರೆ ಆಟವೇ ನಿಂತುಹೋಗುತ್ತದೆ ಎಂಬುದನ್ನು ಮಾತ್ರ, ಮನೆಗೆ ಬಂದೊಡನೆ ಮರೆಯುತ್ತಾರೆ.