ಕಾಲರಿನ ಗುಂಡಿ

ಗಂಡನ ಅಂಗಿಗೆ ಐದು ಗುಂಡಿ ಹಾಕುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಕಾಲರಿನದೊಂದು ಉಳಿದಿತ್ತು.

"ಅದನ್ನೂ ಹಾಕಿಬಿಡಿ ಅತ್ತಿಗೆ," ಎಂದಳು ಬಾಗಿಲಲ್ಲಿ ನಿಂತ ನಾದಿನಿ. "ಕಾಲರ್ ಬಿಚ್ಕೊಂಡು ಅಣ್ಣ ಬೀದಿಗೆ ಇಳಿದವನೇ ಅಲ್ಲ."

ನಿಜವೇ. ಊರವರ ಅಂಗಿಗೆಲ್ಲ ಕಾಜಾ ಹೊಲಿದವನು, ಗುಂಡಿ ತೂರುವ ಆ ಪುಟ್ಟ ಸೀಳಿನ ಅಂಚನ್ನು ಕೈಯಲ್ಲೇ ಕಟ್ಟುತ್ತಿದ್ದವನು, ಕತ್ತು ಬಿಗಿದರೂ ಮೇಲಿನ ಗುಂಡಿ ಬಿಚ್ಚುತ್ತಿರಲಿಲ್ಲ. ಒಣಜಂಬ. ಆದರೂ ಅವನಿಗೆ ಒಪ್ಪುತ್ತಿತ್ತು.

ಅವನಿಗೆ ಕೆಲಸ ಕೊಡುತ್ತಿದ್ದ ಟೈಲರ್ ಮಾಸ್ಟರು ಕುರ್ಚಿಯಲ್ಲಿ ಕೂತು ಮೂಗು ಒರೆಸಿಕೊಂಡರು. "ಅಂಥ ಕೈ ಇನ್ನು ಹುಟ್ಟಲ್ಲ ಬಿಡಿ."

ಆ ಕೈ ಸತ್ತು ವರ್ಷಗಳಾಗಿದ್ದವು.

*

ಅವನ ಕೈಗೆ ಮೊದಲು ಬಂದದ್ದು ಜೋಮು. ಆಮೇಲೆ ಸೂಜಿ ಬೀಳತೊಡಗಿತು. ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಇದ್ದೂ ಇಲ್ಲದಂತಾದವು. ಕೈಯಲ್ಲಿ ಸೂಜಿ ಇದೆಯೋ ಇಲ್ಲವೋ ಎಂದು ಕಣ್ಣಿಟ್ಟು ನೋಡಬೇಕು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್ ಮಾಡೋಣ ಎಂದರು ಡಾಕ್ಟರು.

"ಕೈ ಕುಯ್ಸ್ಕೊಂಡೆ ಅಂತ ಗೊತ್ತಾದ್ರೆ ಮಾಸ್ಟರು ಒಂದು ಅಂಗಿನೂ ಕೊಡಲ್ಲ. ಸುಮ್ನಿರು," ಎಂದ ಅವನು.

ಸೂಜಿ ಅವಳ ಕೈಗೆ ಬಂತು. ಅವಳು ಎಡಗೈಯವಳು. ಬಾಗಿಲು ಹಾಕಿಕೊಂಡು ಅವಳು ಹೊಲಿದಳು. ಬಾಗಿಲು ತೆಗೆದು ಅವನು ಕೊಂಡೊಯ್ದು, ಹೊಗಳಿಸಿಕೊಂಡು ಬಂದ. ಬೆಳಿಗ್ಗೆ ಅವನ ಗುಂಡಿ ಹಾಕುವವಳೂ ಅವಳೇ. ಆಗ ಅವನು ಮಗುವಿನಂತೆ ಗದ್ದ ಎತ್ತಿ ಬೇರೆಲ್ಲೋ ನೋಡುತ್ತಿದ್ದ. ಅವಳಿಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು.

*

ಸ್ಮಶಾನದ ಗಾಡಿ ಬಂತೇನೋ ಎಂದು ನಾದಿನಿ ಹೊರಗೆ ಹೋದಾಗ ಮಾಸ್ಟರು ಹತ್ತಿರ ಬಂದು ದನಿ ತಗ್ಗಿಸಿದರು.

"ಅವನ ಕಾಜಾದ ಗಂಟು ಬಲಕ್ಕೆ ಬೀಳೋದಮ್ಮಾ. ಈಚೆಗೆಲ್ಲ ಎಡಕ್ಕೆ ಬೀಳ್ತಿತ್ತು. ನನ್ನ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ಅವನ ಮರ್ಯಾದೆ ಯಾಕೆ ಕಳೀಬೇಕು ಅಂತ ಸುಮ್ನಿದ್ದೆ."

ಅವಳು ತಲೆ ಎತ್ತಿ ಅವರನ್ನು ನೋಡಿದಳು.

"ಇನ್ಮೇಲೆ ನಿಮ್ಮ ಹೆಸರಲ್ಲೇ ಅಂಗಿ ಕಳಿಸ್ತೀನಿ. ನಿಮ್ಮ ಕೈ ನಡೆಯೋವರೆಗೂ ಊಟಕ್ಕೆ ಯೋಚನೆ ಇಲ್ಲ."

ಇಷ್ಟು ವರ್ಷ ಕಾದಿದ್ದ ಮಾತು. "ಆಯ್ತು ಮಾಸ್ಟರೇ," ಎಂದು ಕಾಲರಿನ ಗುಂಡಿ ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಕಾಜಾ ಅವಳೇ ಹೊಲಿದದ್ದು, ಆದರೆ ಅದರ ಅಂಚು ಹೆಬ್ಬೆರಳಿಗೆ ತಿಳಿಯಲಿಲ್ಲ. ಅವನ ಗದ್ದದ ಕೆಳಗೆ ಬಗ್ಗಿ ನೋಡಿದಳು. ಗುಂಡಿ ಬೆರಳುಗಳ ನಡುವೆ ಇರಲೇ ಇಲ್ಲ.

"ಗಾಡಿ ಬಂತು," ಎನ್ನುತ್ತ ನಾದಿನಿ ಒಳಗೆ ಬಂದಳು. "ಗುಂಡಿ ಹಾಕಿದ್ರಾ ಅತ್ತಿಗೆ?"

"ಹಾಕ್ದೆ."

ಬಿಳಿ ಬಟ್ಟೆಯನ್ನು ಗಂಡನ ಗದ್ದದವರೆಗೂ ಎಳೆದು ಹೊದಿಸಿದಳು. ಎಡಗೈಯನ್ನು ಅದರಡಿಯಲ್ಲೇ ಬಿಟ್ಟಳು.